ದಾಟದವರ ಕಾಲಂ

ಮಂಗಳವಾರ, ಬೆಳಿಗ್ಗೆ ಏಳು. ನ್ಯೂಪೋರ್ಟಿನ ಹೊಳೆದಂಡೆ.
ಇಳಿತದ ಹೊತ್ತು; ನೀರು ಹೋಗಿ ಬರೀ ಕೆಸರು,
ಕೆಸರಲ್ಲಿ ಹೂತುಹೋದ ಸೂಪರ್‌ಮಾರ್ಕೆಟ್ಟಿನ ಟ್ರಾಲಿ.
ಎಲಿನೆಡ್ ಮಡಚುಕುರ್ಚಿ ಬಿಚ್ಚಿ ಕೂತಿದ್ದಾಳೆ,
ತೊಡೆಯ ಮೇಲೆ ನಗರಸಭೆಯ ಹಾಳೆ,
ಹೆಬ್ಬೆರಳ ಕೆಳಗೆ ಟಿಕ್ ಎನ್ನುವ ಪುಟ್ಟ ಯಂತ್ರ.
ಮೂವತ್ತೊಂದು ವರ್ಷ ಶಾಲೆಯ ಅಡುಗೆಮನೆಯಲ್ಲಿ
ಮಕ್ಕಳ ತಟ್ಟೆ ಎಣಿಸಿದವಳಿಗೆ
ಇದೇನು ಹೊಸ ಕೆಲಸವಲ್ಲ.

ಹಾಳೆಯಲ್ಲಿ ನಾಲ್ಕು ಕಾಲಂ:
ನಡೆವವರು. ಸೈಕಲ್ಲಿನವರು. ಗಾಲಿಕುರ್ಚಿ. ಇತರೆ.

ರಾತ್ರಿಪಾಳಿ ಮುಗಿಸಿದ ಇಬ್ಬರು ನರ್ಸುಗಳು,
ಒಬ್ಬಳ ಷೂ ಕೈಯಲ್ಲಿ. ಟಿಕ್, ಟಿಕ್.
ಬೆನ್ನಿಗೆ ಚೌಕದ ಚೀಲ ಕಟ್ಟಿ ಪೆಡಲ್ ತುಳಿವವನು,
ಚೀಲದೊಳಗೆ ಯಾರದೋ ಬಿಸಿ ತಿಂಡಿ. ಟಿಕ್.
ಗಾಳಿ ಹೋದ ಸೈಕಲ್ ತಳ್ಳುತ್ತ ಒಬ್ಬ ಹುಡುಗ:
ನಡೆವವನೋ, ಸೈಕಲ್ಲಿನವನೋ?
ಅರೆಗಳಿಗೆ ಯೋಚಿಸಿ ಎರಡು ಸಲ ಒತ್ತಿದಳು.
ಪಾಪ, ಇಬ್ಬರ ಕಷ್ಟ ಪಡುತ್ತಿದ್ದ.

ಆಮೇಲೆ ಬಂದಳು ಆ ಹೆಂಗಸು,
ಗಾಡಿಯಲ್ಲಿ ಕೂಸು, ಬೆರಳು ಹಿಡಿದು ಇನ್ನೊಂದು.
ವೃತ್ತದ ಅಂಚಿಗೆ ನಿಂತಳು.
ಒಂದು ಹೆಜ್ಜೆ ಇಟ್ಟಳು, ತೆಗೆದಳು.
ಲಾರಿ. ಕಾರು. ಕಾರು. ಬಸ್ಸು. ಕಾರು.
ಐದು ನಿಮಿಷ (ಎಲಿನೆಡ್ ಗಡಿಯಾರ ನೋಡಿದ್ದಾಳೆ)
ನಿಂತು, ದೊಡ್ಡದರ ಕಿವಿಯಲ್ಲಿ ಏನೋ ಹೇಳಿ,
ಗಾಡಿ ತಿರುಗಿಸಿ ಬಂದ ದಾರಿಯಲ್ಲೇ ಹೋದಳು.

ಹೆಬ್ಬೆರಳು ಎತ್ತಿದ್ದು ಎತ್ತಿದಂತೆಯೇ ಉಳಿಯಿತು.
ಹಾಳೆಯನ್ನು ಮೇಲಿಂದ ಕೆಳಗೆ ಹುಡುಕಿದಳು.
ದಾಟಿದವರಿಗಷ್ಟೇ ಅಲ್ಲಿ ಜಾಗ.

ಪೆನ್ಸಿಲ್ ತೆಗೆದು, ಅಡಿಕೋಲಿಲ್ಲದೆ,
ಐದನೆಯ ಗೆರೆ ಎಳೆದಳು, ತುಸು ಸೊಟ್ಟಗೆ.
ಮೇಲೆ ಬರೆದಳು: ಬಂದರು, ನಿಂತರು, ಹೋದರು.

ಒಂಬತ್ತರ ಹೊತ್ತಿಗೆ ಅದರಲ್ಲಿ ಇಪ್ಪತ್ತಮೂರು.
ಊರುಗೋಲಿನ ಮುದುಕ ಮೂರು ಸಲ ಬಂದು ತಿರುಗಿದ,
ಮೂರು ಸಲವೂ ಬರೆದುಕೊಂಡಳು.
ಆಸೆ ಪಟ್ಟದ್ದು ಮೂರು ಸಲ ತಾನೆ?

ಗುರುವಾರ, ಗ್ರಂಥಾಲಯದ ಮಹಡಿಯಲ್ಲಿ ಸಭೆ.
ಚಹಾ, ಮೆತ್ತಗಾದ ಬಿಸ್ಕತ್ತು, ಗೋಡೆಗೆ ನಕ್ಷೆ.
ನಗರಸಭೆಯ ಗೆಥಿನ್ ಹಸಿರು ಪೆನ್ನಿನಲ್ಲಿ
ಚುಕ್ಕಿ ಚುಕ್ಕಿ ಇಡುತ್ತ ಹೋದ: ಇದು ಬರಲಿರುವ ದಾರಿ.
ಯಾವಾಗ? ಹದಿನೈದು ವರ್ಷದ ಯೋಜನೆ.
'ಪಾರ್ಕಿಂಗ್ ಕಿತ್ತರೆ ನನ್ನ ಗಿರಾಕಿ ಎಲ್ಲಿ ನಿಲ್ಲಬೇಕು?'
ಮೀನಂಗಡಿಯ ಡೆಲ್ವಿನ್ ಗಂಟಲಲ್ಲಿ
ಸಿಟ್ಟಿಗಿಂತ ಹೆದರಿಕೆಯೇ ಹೆಚ್ಚು.
ಎಲಿನೆಡ್ ಎದ್ದಳು, ಮಂಡಿ ಲಟಕ್ಕೆಂದಿತು:
'ಮುಕ್ಕಾಲು ರಸ್ತೆ ಗಾಲಿಗೆ ಕೊಟ್ಟಿರಿ, ಸರಿ.
ಕಾಲಿಗೆ ಕಾಲಾದರೂ ಬೇಡವೇ?'
ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಹಾಳೆ ಕೊಟ್ಟಳು.

ಗೆಥಿನ್ ನೋಡಿದ, ಕಿವಿ ಕೆಂಪಾಯಿತು:
'ಐದನೆಯದನ್ನು ಕಂಪ್ಯೂಟರು ತೆಗೆದುಕೊಳ್ಳುವುದಿಲ್ಲ.'
ಆದರೂ ಮಡಚಿ ಒಳಜೇಬಿಗೆ ಇಳಿಸಿದ.

ಶನಿವಾರ ಅವನು ಕಾರು ಬಿಟ್ಟು ಬಂದ.
ವೃತ್ತದ ಬಳಿ ನಿಂತ. ಲಾರಿ. ಕಾರು. ಕಾರು.
ಹೆಜ್ಜೆ ಇಟ್ಟ, ತೆಗೆದ. ಆಗಲೇ ಕಂಡದ್ದು
ಕಂಬಿಯ ಪಕ್ಕದಿಂದ ಸೇತುವೆಯಡಿಗೆ ಇಳಿವ
ಹುಲ್ಲಿನಲ್ಲಿ ಸವೆದ ಗೆರೆ,
ತುಸು ಸೊಟ್ಟಗೆ.
ಬೂಟಿನ ಗುರುತು, ನಾಯಿಯ ಗುರುತು,
ಪುಟ್ಟ ಗಾಡಿಯ ಜೋಡಿಗೀಟು.
ತಿರುಗಿದವರು ಮನೆ ಸೇರಿದರು ಎಂದು
ಅವನು ಎಣಿಸಿದ್ದೇ ತಪ್ಪು.

ಇಳಿದ. ಮೂವತ್ತು ಹೆಜ್ಜೆಗೆ ಷೂ ಒದ್ದೆ.
ಹೊಳೆ ಉಬ್ಬುತ್ತಿತ್ತು,
ಯಾರ ನಕ್ಷೆಯಲ್ಲೂ ಇಲ್ಲದ ದಾರಿಯನ್ನು
ಸದ್ದಿಲ್ಲದೆ ಅಳಿಸುತ್ತ.
ಪ್ಯಾಂಟಿನ ತುದಿ ಮಡಚಿ, ಬಿಚ್ಚಿ,
ಕೊನೆಗೆ ಹಿಂದಕ್ಕೇ ಹತ್ತಿದ.

ಕುರ್ಚಿ ಇದ್ದ ಜಾಗದಲ್ಲಿ
ನಾಲ್ಕು ಕಾಲಿನ ನಾಲ್ಕು ಕುಳಿ.
ಇಪ್ಪತ್ತನಾಲ್ಕನೆಯವನನ್ನು ಬರೆದುಕೊಳ್ಳಲು
ಯಾರೂ ಇರಲಿಲ್ಲ.