ನಾಲ್ಕಿಂಚಿನ ಗೆರೆ

ಮತ್ತೀಕೆರೆಯ ನನ್ನ ಜೆರಾಕ್ಸ್ ಅಂಗಡಿಗೆ
ಮೇ ಕೊನೆಯ ಒಂದು ಸಂಜೆ, ಹೋದ ಕರೆಂಟು ಆಗಷ್ಟೇ ಬಂದಿತ್ತು,
ಅಕ್ಕನ ಮಗಳು ಜೀವಿತ ಬಂದಳು.
ಕಂಕುಳಲ್ಲಿ ಫೈಲು. ಇನ್ನು ಎಂಟನೇ ಕ್ಲಾಸು, ಹೈಸ್ಕೂಲು,
ಮಲ್ಲೇಶ್ವರದಲ್ಲಿ, ಪರೀಕ್ಷೆ ಬರೆದು ಗಿಟ್ಟಿಸಿದ ಸೀಟು.

"ಮಾಮ, ಎಲ್ಲಾ ಎರಡೆರಡು ಕಾಪಿ."

ಗಾಜಿನ ಮೇಲೆ ಒಂದೊಂದನ್ನೇ ಬೋರಲು ಮಲಗಿಸಿದೆ.
ಅಂಕಪಟ್ಟಿ. ಚೆಸ್ಸು, ತಾಲ್ಲೂಕು ಮಟ್ಟ. ಆಶುಭಾಷಣ.
ಹಸಿರು ಬೆಳಕು ಈ ತುದಿಯಿಂದ ಆ ತುದಿಗೆ ಹರಿದು
ಪ್ರತಿ ಸಲ ಅವಳ ಗಲ್ಲವನ್ನೊಮ್ಮೆ ಮುಟ್ಟಿ ಹೋಯಿತು.
ಹೊರಬಿದ್ದ ಬಿಸಿ ಹಾಳೆಗಳನ್ನು
ಹೆಂಚಿನಿಂದ ತೆಗೆದ ದೋಸೆಯಂತೆ
ಬೆರಳ ತುದಿಯಲ್ಲಿ ಹಿಡಿದು ಊದಿದಳು.

ಉಳಿದದ್ದು ಅರ್ಜಿ. ಅಲ್ಲಿ ಪೆನ್ನು ನಿಂತಿತು.
ವಿದ್ಯಾರ್ಥಿಯ ಹವ್ಯಾಸ, ಅಂತ. ಮುಂದೆ ಚುಕ್ಕಿ ಚುಕ್ಕಿ ಗೆರೆ.
ಸ್ಕೇಲಿಟ್ಟು ಅಳೆದಳು: ನಾಲ್ಕೇ ಇಂಚು.

ನಾಲ್ಕಿಂಚಿನಲ್ಲಿ ಏನು ಹಿಡಿಸುತ್ತೆ ಹೇಳಿ.
ಗೌಸ್ ಟೈಲರ ಅಂಗಡಿಯಲ್ಲಿ ಗುಂಡಿ ಹಚ್ಚಿಕೊಟ್ಟು
ಬದಲಿಗೆ ಉರ್ದು ಅಕ್ಷರ ಕಲಿಯುತ್ತಾಳೆ, ದಿನಕ್ಕೆರಡು.
ಯಶವಂತಪುರದಲ್ಲಿ ಗೂಡ್ಸ್ ಗಾಡಿಯ ಡಬ್ಬಿ ಎಣಿಸಿ
ಐವತ್ತೆಂಟೋ ಐವತ್ತೊಂಬತ್ತೋ ಅಂತ ಅನುಮಾನ ಬಂದರೆ
ಆ ರಾತ್ರಿ ನಿದ್ದೆಯಿಲ್ಲ.
ಫ್ರಿಜ್ಜಿನಲ್ಲಿ, ಕೊತ್ತಂಬರಿ ಕಟ್ಟಿನ ಹಿಂದೆ,
ಕೆಮ್ಮಿನ ಔಷಧಿಯ ಶೀಶೆಯಲ್ಲಿ ಸತ್ತ ಜೀರುಂಡೆ ಇದೆ;
ಅಕ್ಕನಿಗೆ ಗೊತ್ತಿಲ್ಲ, ನೀವೂ ಹೇಳಬೇಡಿ.
ಹಿಂದಿನ ಬೀದಿಯ ಹುಡುಗರು ತಮಟೆ ಕಾಯಿಸುವಾಗ
ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು
ಪೆಟ್ಟುಗಳನ್ನು ಭಿನ್ನರಾಶಿಯಲ್ಲಿ ಬರೆದುಕೊಳ್ಳುತ್ತಾಳೆ.
ಮತ್ತೆ, ಮೂರು ಹಳೇ ಮಿಕ್ಸಿ ಬಿಚ್ಚಿದ್ದಾಳೆ.
ಒಂದನ್ನು ವಾಪಸು ಜೋಡಿಸಿದ್ದಾಳೆ.

ಹೊಸ ಯೂನಿಫಾರಮ್ಮಿಗೆ, ಬೆಳೀತಾಳೆ ಅಂತ,
ಅಕ್ಕ ಅಂಚಿನಲ್ಲಿ ಮೂರಿಂಚು ಮಡಿಸಿ ಬಿಡಿಸಿದ್ದಾಳೆ.
ಅರ್ಜಿ ಅಚ್ಚು ಹಾಕಿಸಿದವರಿಗೆ ಅಷ್ಟೂ ತೋಚಿಲ್ಲ.

"ಚಿಕ್ಕದು ಮಾಡೋ ಬಟನ್ ಇದೆಯಲ್ಲ ಮಾಮ,
ಎಲ್ಲಾ ಬೇರೆ ಹಾಳೇಲಿ ಬರೀತೀನಿ, ಕುಗ್ಗಿಸಿ ಕೊಡು,
ಕತ್ತರಿಸಿ ಅಂಟಿಸ್ತೀನಿ."
ಕುಗ್ಗಿಸಿದೆ. ಅರ್ಧಕ್ಕೆ. ಅರ್ಧದ ಅರ್ಧಕ್ಕೆ.
ಕೊನೆಗೆ ತಮಟೆ ಯಾವುದು ಮಿಕ್ಸಿ ಯಾವುದು,
ಹಾಳೆ ತುಂಬ ಸಕ್ಕರೆ ಕಂಡ ಇರುವೆ.
ಇಬ್ಬರೂ ನಕ್ಕೆವು. ಅವಳು ಮೊದಲು ನಿಲ್ಲಿಸಿದಳು.

ಸ್ಟೂಲಿನಿಂದ ಕಾಲು ಇಳಿಬಿಟ್ಟು ಲೆಕ್ಕ ಹೇಳಿದಳು:
"ಆ ಕ್ಲಾಸಲ್ಲಿ ನಲವತ್ತು ಜನ.
ನಲವತ್ತೂ ಅವರವರ ಸ್ಕೂಲಿಗೆ ಫಸ್ಟು.
ಮೊದಲನೇ ಟೆಸ್ಟ್ ಆದ್ಮೇಲೆ
ಮೂವತ್ತೊಂಬತ್ತು ಜನ ಫಸ್ಟ್ ಅಲ್ಲ."

ಧೈರ್ಯ ಹೇಳಲು ಬಾಯಿ ತೆರೆದೆ;
ಎಸ್ಸೆಸ್ಸೆಲ್ಸಿ ಎರಡು ಸಲ ಕಟ್ಟಿದವನು ನಾನು,
ಧೈರ್ಯದ ಮಾತಿಗೆ ನನ್ನಲ್ಲಿ ಬರವಿಲ್ಲ.
ಅವಳೇ ಕೇಳಿದಳು:
"ಹದಿನೇಳನೇದು ಬಂದ್ರೆ ಹೇಗಿರುತ್ತೆ ಮಾಮ?
ಹದಿನೇಳನೇದವಳನ್ನ ಯಾರೂ
ಸ್ಟೇಜ್ ಮೇಲೆ ಕರೆಯಲ್ಲ, ಅಲ್ವಾ.
ಆ ಹೊತ್ತಲ್ಲಿ ಎಲ್ಲಿಗೆ ಬೇಕಾದ್ರೂ ಹೋಗ್ಬಹುದು."
ಹೆದರಿಕೆಯೋ ಆಸೆಯೋ, ದನಿಯಿಂದ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೋ ಆಧಾರ್ ಕಾರ್ಡು ಹಿಡಿದು ಬಂದರು,
ಎರಡೂ ಕಡೆ ಒಂದೇ ಹಾಳೆಯಲ್ಲಿ ಬೇಕಂತೆ.
ನಾನು ಕಾರ್ಡು ಮಗುಚಿ ಹಾಕುವುದನ್ನು
ಅವಳು ಕಣ್ಣಿಟ್ಟು ನೋಡಿದಳು.

ಚಿಲ್ಲರೆ ಕೊಟ್ಟು ತಿರುಗುವಷ್ಟರಲ್ಲಿ
ನಾಲ್ಕಿಂಚಿನ ಗೆರೆಯ ಮೇಲೆ ದುಂಡಗೆ ಬರೆದಾಗಿತ್ತು:
ಹಿಂಬದಿ ನೋಡಿ.
ಅರ್ಜಿ ಬೋರಲು ಬಿದ್ದಿತ್ತು.
ಮೊದಲ ಸಾಲಿನಲ್ಲಿ ಮಿಕ್ಸಿ,
ಎರಡನೆಯದರಲ್ಲಿ ಜೀರುಂಡೆಯ ಹೆಸರು, ಲ್ಯಾಟಿನ್ನೋ ಏನೋ,
ಮೂರನೆಯದಕ್ಕೆ ಎಡಗೈ ಅಡ್ಡ ಇಟ್ಟುಕೊಂಡಿದ್ದಳು.

ಶಟರ್ ಎಳೆಯುವ ಹೊತ್ತು ಮೀರಿತ್ತು.
ಮೆಷಿನ್ ಆರಿಸಲಿಲ್ಲ.
ಎರಡೆರಡು ಕಾಪಿ ಅಂದಿದ್ದಳಲ್ಲ.