ಕಪ್ಪು ತಂತಿ

ರಾತ್ರಿ ಎರಡೂವರೆ. ಫ್ಯಾರೋ ದ್ವೀಪದ ಮೀನುಮರಿ ಶೆಡ್ಡು.
ರನ್ವಾಳ ಮುಂದೆ ಪರದೆ ತುಂಬ ಕಸ:
ಪ್ರಶ್ನೆಚಿಹ್ನೆ, ಮುರಿದ ಚೌಕ, ಯಾವ ನುಡಿಗೂ ಸೇರದ ಅಕ್ಷರ.

ವೇಗ ನೋಡಿದಳು: ಅಲ್ಲಿ ಒಂಬತ್ತು ಸಾವಿರದ ಆರುನೂರು,
ಇಲ್ಲೂ ಅಷ್ಟೇ.
ಹೇಳುವ ತಂತಿ ಕೇಳುವ ಕಿವಿಗೇ ಹೋಗಿದೆ.
ಐದು ವೋಲ್ಟಿನ ಜೋರು ದನಿ
ಮೂರು ಚಿಲ್ಲರೆಗೆ ಇಳಿದೇ ಒಳಬರುತ್ತಿದೆ.

ಜಡೆಯ ಪಿನ್ನು ಕಿತ್ತು
ಪುಟ್ಟ ಕಂಪ್ಯೂಟರಿನ ಬಾಯಿಗೂ ಕಿವಿಗೂ ಸೇತುವೆ ಹಾಕಿ
'ಹೇಯ್' ಎಂದು ಒತ್ತಿದಳು.
'ಹೇಯ್' ಅಂದಿತು.
ತನ್ನ ಮಾತು ತನಗೆ ಕೇಳುತ್ತದೆ.
ಅಷ್ಟು ನಮ್ಮ ಮ್ಯಾನೇಜರ್ ಹೈನಿಗೂ ಕೇಳುತ್ತದೆ.

ಉಳಿದದ್ದು ಕಪ್ಪು ತಂತಿ.
ಏನೂ ಹೇಳದು, ಏನೂ ಕೇಳದು,
ಸೊನ್ನೆ ಎಲ್ಲಿದೆಯೆಂದು ಇಬ್ಬರಿಗೂ ತೋರಿಸುವುದಷ್ಟೇ
ಅದರ ಕೆಲಸ.
ಮೇಲೆ ನುಣುಪು. ಉಗುರಲ್ಲಿ ಸುಲಿದರೆ
ಒಳಗೆ ಹಸಿರು ಪುಡಿ,
ಉಪ್ಪುಗಾಳಿ ತಿಂದುಳಿಸಿದ್ದು.

ಹೊಸ ತುಂಡು. ಬೆಸುಗೆಯ ಹೊಗೆಗೆ ಕಣ್ಣೀರು.
ಪರದೆ ಒಂದು ಗಳಿಗೆ ತಡವರಿಸಿ
ಬಿಡಿಸಿ ಹೇಳಿತು:

ತೊಟ್ಟಿ ನಾಲ್ಕು. ಆಮ್ಲಜನಕ ಮೂರು ಪಾಯಿಂಟ್ ಒಂದು.
ತೊಟ್ಟಿ ನಾಲ್ಕು. ಆಮ್ಲಜನಕ ಮೂರು.

ಎಷ್ಟು ಹೊತ್ತಿನಿಂದ ಇದನ್ನೇ ಹೇಳುತ್ತಿತ್ತೋ.
ಬೆಸುಗೆಕಡ್ಡಿ ಆರಿಸದೆ,
ಒಂದೇ ಕಾಲಿಗೆ ಬೂಟು ಸಿಕ್ಕಿಸಿಕೊಂಡು
ಓಡಿದಳು.