ಜಾರಿದ ಫಾರಂ

ಡಾಕ್ಟರು ಫಿಲ್ಮು ಕಿಟಕಿ ಬೆಳಕಿಗೆ ಹಿಡಿದು
ಪೆನ್ನಿನ ತುದಿಯಿಂದ ಎಣಿಸಿದ್ರು.
ಕುತ್ತಿಗ್ಯಾಗ ಐದು–ಆರು, ಸೊಂಟದಾಗ ನಾಲ್ಕು–ಐದು.
ಅವರು ಹೇಳೂದಕ್ಕಿಂತ ಮೊದಲ ನನಗ ತಿಳೀತು.
ಇಪ್ಪತ್ತೆಂಟು ವರ್ಷ ಬೆಟಗೇರಿ ಪ್ರೆಸ್ಸಿನಾಗ
ಖಾತೆ, ಕಿರ್ದಿ, ಹಾಜರಿ ಬುಕ್ಕಿಗೆ
ಬೆನ್ನು ಹಚ್ಚಿದಂವ ನಾನು.
ದಾರ ಸಡ್ಲಾಗಿ ಫಾರಂ ಹೊರಗ ಜಾರಿದ್ದು
ಕಣ್ಣು ಮುಚ್ಚಿ ಬಟ್ಟು ಆಡಿಸಿದ್ರೂ ಗೊತ್ತಾಕ್ಕೈತಿ.

“ಬಿಚ್ಚಿ ಮತ್ತ ಹೊಲೀಬಹುದೇನ್ರೀ?” ಅಂದೆ.
ಅವರು ನಕ್ಕರು.
ನಾ ಚ್ಯಾಷ್ಟಿ ಮಾಡಿರಲಿಲ್ಲ.

ಕೊರಳಿಗೊಂದು ಪಟ್ಟಿ, ನಡಕ್ಕೊಂದು ಪಟ್ಟಿ,
ಬಿಳೀ ಗುಳಿಗಿ, ಅದು ಹೊಟ್ಟಿ ಸುಡದಂಗ ಇನ್ನೊಂದು ಗುಳಿಗಿ.
ಬಗ್ಗಬ್ಯಾಡ್ರಿ. ಎತ್ತಬ್ಯಾಡ್ರಿ. ಬಾಳೊತ್ತು ಕುಂದರಬ್ಯಾಡ್ರಿ.
ಬಾಳೊತ್ತು ನಿಂದರಲೂಬ್ಯಾಡ್ರಿ.
ಹಂಗಾರ ಏನ್ ಮಾಡ್ಲಿ ಅಂತ ಕೇಳೂದ್ರಾಗ
ಮುಂದಿನ ಚೀಟಿಯವರು ಒಳಗ ಬಂದಿದ್ರು.

ಎರಡೂ ಒಂದ ಮನ್ಯಾಗಿನ ಸವತ್ಯಾರು.
ಕುತ್ತಿಗಿಗೆ ದಿಂಬು ಬ್ಯಾಡ, ಸೊಂಟಕ್ಕ ಬೇಕು.
ಸೊಂಟ ಅಂತೈತಿ, ಮಗ್ಗಲಾಗು;
ಮಗ್ಗಲಾದ್ರ ಕುತ್ತಿಗಿಯಿಂದ ಹೊಂಟ ಜೋಮು
ಕಿರಿಬಟ್ಟಿನ ತನಕ ಇರಿವಿ ಸಾಲಿನಂಗ ಇಳೀತೈತಿ.
ಒಬ್ಬಾಕಿನ್ನ ಸಮಾಧಾನ ಮಾಡೂದ್ರಾಗ
ಇನ್ನೊಬ್ಬಾಕಿ ಎದ್ದ ಕುಂತಿರತಾಳ.
ನಡುರಾತ್ರಿ ಹುಬ್ಬಳ್ಳಿ ಕಡೆ ಹೋಗೂ ಗೂಡ್ಸಿನ ಡಬ್ಬಿ ಎಣಿಸತೇನಿ.
ಡಬ್ಬಿ ಡಬ್ಬಿ ನಡುವಿನ ಕೊಂಡಿ ಕಟಕ್ ಅಂದಾಗ
ನನ್ನೊಳಗ ಯಾವದೋ ಒಂದು
“ಹೂಂ” ಅಂತೈತಿ.

ಜೈತುನಬಿ ಕಾಲಾಗ ಕುಂತು ಚಪ್ಪಲಿ ಹಾಕತಾಳ.
ಮೊದಲ ದಿನ ಇಬ್ಬರೂ ಬ್ಯಾರೆ ಬ್ಯಾರೆ ಗ್ವಾಡಿ ನೋಡಿದಿವಿ,
ಮೂವತ್ತು ವರ್ಷದ ಮ್ಯಾಲ ಹೊಸಾ ನಾಚಿಕಿ.
ಈಗ ಬೈತಾಳ, “ಬಟ್ಟು ಬಿಗಿ ಹಿಡೀಬ್ಯಾಡ್ರಿ, ಸಣ್ಣ ಹುಡುಗರಂಗ.”
ಬೈಗುಳ ಶುರುವಾದಮ್ಯಾಲ ಹಗುರಾತು.

ಪ್ರೆಸ್ಸಿನಾಗ ಅಂದಾನೆಪ್ಪ ಸಾವಕಾರರು
ಹಳೇ ಟೈಪ್ ಕೇಸಿನ ಕಟಗಿಯಿಂದ
ಎದಿಮಟದ ಮೇಜು ಮಾಡಿಸಿ ಕೊಟ್ಟಾರ.
ನಿಂತು ಹೊಲೀತೇನಿ ಇಪ್ಪತ್ತು ಮಿನಿಟು,
ಕುಂತು ಇಪ್ಪತ್ತು, ಆಮ್ಯಾಲ ಬಾಗಲತನಕ ಹೋಗಿ ಬರತೇನಿ.
ಫಾರಂ ಮಡಚೂ ಶಂಕ್ರವ್ವ ಗಡಿಯಾರ ನೋಡಿ ಕೂಗತಾಳ,
“ಸಾಬ್ರ, ನಿಮ್ಮ ಬಸ್ಸಿನ ಟೈಮಾತು!”
ಬಿದ್ದದ್ದನ್ನ ಬಿದ್ದಲ್ಲೇ ಇರಗೊಡೂದು ಕಲಿಯಾಕ
ಪೂರಾ ಒಂದು ಚಳಿಗಾಲ ಹಿಡೀತು.
ದಬ್ಬಣ, ಎರಡ್ರೂಪಾಯಿ, ಮೊಮ್ಮಗಳ ಗೊಂಬಿ...
ನೆಲ ಈಗ ಪರ ಊರು.

ಮಸೂತ್ಯಾಗ ಕಡೇ ಸಾಲಿನಾಗ ನನ್ನ ಖುರ್ಚಿ.
ಮುಂದಿನವರೆಲ್ಲ ಒಮ್ಮೆಲೆ ಬಾಗತಾರ.
ನನ್ನ ಕಣ್ಣಿಗೆ ಬರೇ ಬೆನ್ನು, ಬೆನ್ನು,
ಕಪಾಟಿನಾಗ ಹೊಂದಿಸಿ ಇಟ್ಟ ಖಾತೆ ಬುಕ್ಕಿನಂಗ.
ಒಂದೂ ಜಾರಿಲ್ಲ,
ಇಲ್ಲಾ, ಜಾರಿದ್ದು ಹೊರಗ ಕಾಣೂದಿಲ್ಲ.
ನಾ ಒಂದಿಷ್ಟ ಗದ್ದ ಇಳಸತೇನಿ, ಪಟ್ಟಿ ತಡೀತೈತಿ.
ಹಣಿ ಚಾಪಿಗೆ ಮುಟ್ಟಿ ಎರಡು ವರ್ಷಾತು.
ಮೌಲ್ವಿ ಸಾಹೇಬ್ರು ಅಂದ್ರು, ಆಗದ್ದಕ್ಕ ಲೆಕ್ಕ ಇಲ್ಲ.
ನನಗ ಲೆಕ್ಕ ಬೇಕಾಗಿರಲಿಲ್ಲ,
ಚಾಪಿಯ ವಾಸನಿ ಬೇಕಾಗಿತ್ತು.

ಮೊನ್ನೆ ಹತ್ತಿ ದಲಾಲರ ಅಂಗಡಿಯಿಂದ
ಒಂದು ಹಳೇ ಕಿರ್ದಿ ರಿಪೇರಿಗೆ ಬಂತು.
ಬೆನ್ನು ಎರಡ ಕಡೆ ಮುರಿದಿತ್ತು, ಮ್ಯಾಲೊಂದು, ಕೆಳಗೊಂದು.
ಬಿಚ್ಚಿ ನೋಡಿದ್ರ ಗಂಟು ನಂದ,
ಪ್ರಾಯದ ಕೈಯಿನ ಗಂಟು, ಹಲ್ಲಿಂದ ಎಳೆದು ಬಿಗಿದದ್ದು.
ಕಾಗದ ಎಷ್ಟು ಮೆತ್ತಗಾಗಿತ್ತಂದ್ರ
ಹೊಸಾ ದಾರ ಎಳೆದ್ರ ಅದರ ಹರೀತಿತ್ತು.
ಹೊಲೀಲಿಲ್ಲ.
ಮೈದಾ ಅಂಟಿನಾಗ ಖಾದಿ ಪಟ್ಟಿ ತೋಯಿಸಿ
ಮ್ಯಾಲೊಂದು, ಕೆಳಗೊಂದು ಹಚ್ಚಿದೆ,
ಒತ್ತಲಿಲ್ಲ, ಅಂಗೈ ಇಟ್ಟು ಸುಮ್ಮನ ನಿಂತೆ.

“ಪೂರಾ ತೆರೆಯೂದಿಲ್ಲ ಇದು,” ಅಂದೆ ತರಾಕ ಬಂದ ಹುಡುಗನಿಗೆ,
“ಅರ್ಧ ತೆಗೆದು ಓದ್ರಿ. ಅಕ್ಷರ ಎಲ್ಲಾ ಅದಾವ.”
ಅಂವ ಏನೋ ಕೇಳಾಕ ಬಾಯಿ ತೆರೆದಿದ್ದ,
ಅಷ್ಟರಾಗ ಶಂಕ್ರವ್ವ ಕೂಗಿದ್ಲು.
ನಾ ಬಾಗಲ ಕಡೆ ಹೊಂಟೆ.